ಎಂಜಿನ್ನಿನ ಸುಳ್ಳು ಬಡಿತವೂ ಅದನ್ನು ಪರೀಕ್ಷಿಸುವ ಕ್ರಮವೂ

ಮೋಟಾರು ಬಂಡಿಯು ಈಗ ಸಿರಿವಂತರ ಮನೆಗೆ ಮಾತ್ರ ಸೇರಿದ ವಸ್ತುವಲ್ಲ. ನಮ್ಮ ಶಾಲೆಯಲ್ಲಿ ಕಲಿತುಹೋದ ಹೆಣ್ಣುಮಕ್ಕಳಲ್ಲಿ ಅನೇಕರು ತಾವೇ ಬಂಡಿಯನ್ನು ನಡಿಸುತ್ತಾರೆ. ಅವರ ಮನೆಯ ಯುವಕ ಯುವತಿಯರಲ್ಲಿ ಕೆಲವರು ಕೊಂಡ ಬಂಡಿಯನ್ನು ಇದ್ದಂತೆಯೇ ಇಡದೆ, ಹೆಚ್ಚು ವೇಗಕ್ಕಾಗಿ ಅದರ ಭಾಗಗಳನ್ನು ಬದಲಾಯಿಸುವುದೂ ಉಂಟು. ಹೀಗೆ ಬದಲಾದ ಬಂಡಿಗಳಲ್ಲಿ ಕಾಣುವ ಒಂದು ತೊಡಕನ್ನು ಕುರಿತು ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ನಾಲ್ಕು ಮಾತುಗಳನ್ನು ಹೇಳಬಯಸುತ್ತೇವೆ. ಆ ತೊಡಕು ಯಾವುದೆಂದರೆ, ಎಂಜಿನ್ನಿನಲ್ಲಿ ಇಲ್ಲದ ಬಡಿತವನ್ನು ಇದೆಯೆಂದು ಯಂತ್ರವು ವರದಿ ಮಾಡುವುದು.

ಮೊದಲು ಬಡಿತವೆಂದರೇನೆಂದು ತಿಳಿಯೋಣ. ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಹೊತ್ತಿದ ಉರಿಯು ಸಿಲಿಂಡರಿನೊಳಗೆ ಕ್ರಮವಾಗಿ ಹರಡಬೇಕು. ಕಾವೂ ಒತ್ತಡವೂ ಮಿತಿಮೀರಿದರೆ, ಉರಿಯು ಇನ್ನೂ ತಲುಪದ ಮೂಲೆಯ ಅನಿಲವು ತಾನಾಗಿಯೇ ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಆಗ ಹುಟ್ಟುವ ಒತ್ತಡದ ಅಲೆಗಳು ಗೋಡೆಗೆ ಅಪ್ಪಳಿಸಿ, ಡಬ್ಬಿಯಲ್ಲಿ ಹರಳು ಕುಲುಕಿದಂತಹ ಸದ್ದನ್ನುಂಟುಮಾಡುತ್ತವೆ. ಮೆಕ್ಯಾನಿಕರು ಇದನ್ನು ನಾಕಿಂಗ್ ಎನ್ನುತ್ತಾರೆ. ಇದು ಬಲವಾಗಿ ಮುಂದುವರಿದರೆ ಪಿಸ್ಟನ್ನು ಕರಗಬಹುದು, ಒಡೆಯಲೂಬಹುದು.

ಈ ಸದ್ದನ್ನು ಕೇಳುವುದಕ್ಕಾಗಿ ಎಂಜಿನ್ನಿನ ಮೈಗೆ ನಾಕ್ ಸೆನ್ಸರ್ ಎಂಬ ಸಣ್ಣ ಉಪಕರಣವನ್ನು ಬೋಲ್ಟಿನಿಂದ ಬಿಗಿದಿರುತ್ತಾರೆ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುವುದೆಂಬುದನ್ನು ಕ್ಯೂರಿ ಸಹೋದರರು 1880ರಲ್ಲಿ ಕಂಡುಹಿಡಿದರು; ಸೆನ್ಸರಿನ ಕೆಲಸವು ಇದೇ ತತ್ತ್ವದ ಮೇಲೆ ನಿಂತಿದೆ. 1978ರ ಬ್ಯೂಯಿಕ್ ಟರ್ಬೊ ಬಂಡಿಗಳಲ್ಲಿಯೇ ಇಂತಹ ಉಪಕರಣವಿತ್ತು. ಸಾಮಾನ್ಯ ಗಾತ್ರದ ಸಿಲಿಂಡರಿನಲ್ಲಿ ಬಡಿತದ ಮುಖ್ಯ ಕಂಪನವು ಸೆಕೆಂಡಿಗೆ ಸುಮಾರು 6 ರಿಂದ 8 ಸಾವಿರದಷ್ಟಿರುತ್ತದೆ. ಎಂಜಿನ್ನಿನ ಕಂಪ್ಯೂಟರು ಕಿಡಿ ಹಾರಿದ ಬಳಿಕ ಸ್ವಲ್ಪ ಹೊತ್ತು ಮಾತ್ರ ಕಿವಿಗೊಟ್ಟು, ಆ ಕಂಪನವು ಎಂದಿನ ಗದ್ದಲಕ್ಕಿಂತ ಹೆಚ್ಚಾಗಿದ್ದರೆ ಕಿಡಿಯನ್ನು ಕೆಲವು ಡಿಗ್ರಿಗಳಷ್ಟು ತಡಮಾಡುತ್ತದೆ.

ಇಲ್ಲಿಯೇ ತೊಡಕಿನ ಬೇರಿದೆ. ಸೆನ್ಸರಿಗೆ ಕಿವಿಯುಂಟು, ವಿವೇಕವಿಲ್ಲ. ಲೋಹದಲ್ಲಿ ಹರಿದುಬಂದ ಕಂಪನವು ಎಲ್ಲಿಂದ ಬಂದಿತೆಂಬುದನ್ನು ಅದು ತಾನಾಗಿ ಅರಿಯದು. ಕಾರ್ಖಾನೆಯವರು ಗೊತ್ತುಪಡಿಸಿದ ಎಂದಿನ ಗದ್ದಲವು ಹಳೆಯ ಭಾಗಗಳದ್ದು. ಬಿರುಸಾದ ಎಂಜಿನ್ ಮೌಂಟನ್ನು ಹಾಕಿದರೆ ಚಾಸಿಯ ಅದುರುವಿಕೆಯು ಎಂಜಿನ್ನಿಗೆ ಹೆಚ್ಚಾಗಿ ತಾಗುತ್ತದೆ. ಫೋರ್ಜ್ ಮಾಡಿದ ಪಿಸ್ಟನ್ನುಗಳನ್ನು ಸಾಮಾನ್ಯವಾಗಿ ಹೆಚ್ಚು ಸಡಿಲವಾಗಿ ಕೂರಿಸುವುದರಿಂದ, ಎಂಜಿನ್ನು ತಣ್ಣಗಿರುವಾಗ ಅವು ಗೋಡೆಗೆ ತಟ್ಟುತ್ತವೆ. ಹೊಸ ಸೈಲೆನ್ಸರಿನ ಕೊಳವೆಯು ಕಾವು ತಡೆಯುವ ತಗಡಿಗೆ ತಾಗಿ ಗಲಗಲಿಸಬಹುದು. ಸಿಲಿಂಡರನ್ನು ಅಗಲಿಸಿದರೆ ಬಡಿತದ ಕಂಪನಸಂಖ್ಯೆಯೇ ಬದಲಾಗುತ್ತದೆ. ಸೆನ್ಸರಿನ ತಂತಿಯು ಇಗ್ನಿಷನ್ ಕಾಯಿಲಿನ ಬಳಿ ಹಾದುಹೋದರೆ ವಿದ್ಯುತ್ತಿನ ಗೊಂದಲವೂ ಬಡಿತದಂತೆ ತೋರಬಹುದು.

ಸುಳ್ಳು ವರದಿಯನ್ನು ನಂಬಿ ಕಿಡಿಯು ತಡವಾದರೆ ಬಂಡಿಯ ಬಲ ಕುಂದುತ್ತದೆ, ಪೆಟ್ರೋಲು ಹೆಚ್ಚು ತಗಲುತ್ತದೆ, ಹೊಗೆಕೊಳವೆಯ ಕಾವೂ ಏರುತ್ತದೆ. ಇದಕ್ಕೆ ಬೇಸತ್ತವರು ಸೆನ್ಸರಿನ ತಂತಿಯನ್ನೇ ಕಿತ್ತಿಡುತ್ತಾರೆ, ಇಲ್ಲವೆ ಅದು ಏನನ್ನೂ ಕೇಳದಂತೆ ಕಂಪ್ಯೂಟರಿನ ಮಿತಿಯನ್ನು ಏರಿಸಿಬಿಡುತ್ತಾರೆ. ಇದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆಯೇ ಸರಿ.

ಇದರ ಅಪಾಯವು ನಮ್ಮ ಊರಿನಲ್ಲಿ ಕೂಡಲೇ ಕಾಣದೆ ಹೋಗಬಹುದು. ತಲಘಟ್ಟಪುರದ ಒಂದು ಮನೆಯಲ್ಲಿ ಟರ್ಬೊ ಇಲ್ಲದ, ಹೀಗೆ ಕಿವಿ ಮುಚ್ಚಿಸಿದ ಬಂಡಿಯೊಂದಿದೆ ಎಂದು ಭಾವಿಸೋಣ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಗಾಳಿಯ ಒತ್ತಡವು ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲು ಕಡಮೆ. ಸಿಲಿಂಡರಿನೊಳಗಿನ ಒತ್ತಡವೂ ಅಷ್ಟಕ್ಕೆ ತಗ್ಗಿ, ಬಡಿತವು ಹುಟ್ಟುವುದು ಕಷ್ಟ. ಕನಕಪುರ ರಸ್ತೆಯಲ್ಲಿ ಓಡಾಡುವವರೆಗೆ ಎಲ್ಲವೂ ನೆಟ್ಟಗಿರುತ್ತದೆ. ರಜಾಕಾಲದಲ್ಲಿ ಕುಟುಂಬವು ಮಂಗಳೂರಿಗೆ ಹೋಗಿ, ಸಾಮಾನು ತುಂಬಿಕೊಂಡು ಶಿರಾಡಿ ಘಾಟಿಯನ್ನು ಹತ್ತತೊಡಗಿದಾಗ ಕರಾವಳಿಯ ದಟ್ಟವಾದ ಗಾಳಿಯೂ ಬೇಸಿಗೆಯ ಕಾವೂ ಏರಿನ ಭಾರವೂ ಒಂದಾಗುತ್ತವೆ. ಆಗ ಬರುವ ಬಡಿತವು ನಿಜವಾದುದು. ಎಚ್ಚರಿಸುವ ಕಾವಲುಗಾರನೇ ಇಲ್ಲ.

ಆದಕಾರಣ ಮೊದಲು ಪರೀಕ್ಷೆ, ಆಮೇಲೆ ಪರಿಹಾರ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯು ಇಲ್ಲಿ ಚೆನ್ನಾಗಿ ಒಪ್ಪುತ್ತದೆ. ಮೊದಲನೆಯದಾಗಿ, ಸ್ಕ್ಯಾನರನ್ನು ಜೋಡಿಸಿ ವರದಿಯು ಯಾವಾಗ ಬರುವುದೆಂದು ನೋಡಬೇಕು. ನಿಜವಾದ ಬಡಿತವು ಸಾಮಾನ್ಯವಾಗಿ ಎಂಜಿನ್ನಿಗೆ ಭಾರವೂ ಕಾವೂ ಇರುವಾಗ ಬರುತ್ತದೆ. ಗೇರಿಲ್ಲದೆ ನಿಂತಲ್ಲಿಯೇ ಆಕ್ಸಿಲರೇಟರ್ ಒತ್ತಿದಾಗಲೂ ಬಂದರೆ ಅದು ಸುಳ್ಳಿರಬಹುದು. ಎರಡನೆಯದಾಗಿ, ಕಿಡಿಯನ್ನು ಎರಡು ಮೂರು ಡಿಗ್ರಿ ತಡಮಾಡಿಸಿ ನೋಡಬೇಕು. ನಿಜವಾದರೆ ವರದಿಯು ತಗ್ಗುತ್ತದೆ, ಸುಳ್ಳಾದರೆ ಸಾಮಾನ್ಯವಾಗಿ ಹಾಗೆಯೇ ಇರುತ್ತದೆ. ಮೂರನೆಯದಾಗಿ, ಹೆಚ್ಚು ಆಕ್ಟೇನಿನ ಪೆಟ್ರೋಲನ್ನು ತುಂಬಿಸಿ ಹೋಲಿಸಬೇಕು. ನಾಲ್ಕನೆಯದಾಗಿ, ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಪಿಂಗಾಣಿಯ ಮೇಲೆ ಮೆಣಸಿನ ಪುಡಿಯಂತಹ ಕಪ್ಪು ಚುಕ್ಕೆಗಳಾಗಲಿ ಹೊಳೆಯುವ ಅಲ್ಯುಮಿನಿಯಂ ಕಣಗಳಾಗಲಿ ಇವೆಯೇ ಎಂದು ನೋಡಬೇಕು. ಇದ್ದರೆ ಬಡಿತವು ನಿಜವೆಂದೇ ತಿಳಿದು ಬಂಡಿಯನ್ನು ನಿಲ್ಲಿಸಬೇಕು. ಇವುಗಳಲ್ಲಿ ಒಂದನ್ನೇ ನಂಬದೆ ಎಲ್ಲವನ್ನೂ ಕೂಡಿಸಿ ತೀರ್ಮಾನಿಸುವುದು ಲೇಸು. ಭಾರ ಹೊರಿಸಿ ಮಾಡುವ ಪರೀಕ್ಷೆಗೆ ಡೈನೊ ಯಂತ್ರವೇ ತಕ್ಕುದು; ಬಸ್ಸುಗಳೂ ಮೆಟ್ರೋ ನಿಲ್ದಾಣಕ್ಕೆ ನಡೆದುಹೋಗುವ ಜನರೂ ತುಂಬಿರುವ ರಸ್ತೆಯಲ್ಲಿ ಅದನ್ನು ಮಾಡತಕ್ಕದ್ದಲ್ಲ.

ಬಡಿತವು ಸುಳ್ಳೆಂದು ತಿಳಿದ ಮೇಲೆ ಸದ್ದಿನ ಮೂಲವನ್ನು ಹುಡುಕಬೇಕು. ಸಡಿಲವಾದ ತಗಡು, ಬ್ರಾಕೆಟ್ಟುಗಳನ್ನು ಬಿಗಿಯಬೇಕು. ಕೊಳವೆಯು ಎಲ್ಲಿಯೂ ತಾಗದಂತೆ ಮಾಡಬೇಕು. ತಂತಿಯನ್ನು ದೂರ ಸರಿಸಬೇಕು. ಸೆನ್ಸರನ್ನು ಬಿಚ್ಚಿ, ಅದು ಕೂರುವ ಲೋಹವನ್ನು ತುಕ್ಕು, ಬಣ್ಣಗಳಿಲ್ಲದಂತೆ ಶುಚಿಮಾಡಿ, ನಡುವೆ ವಾಷರನ್ನಿಡದೆ ಟಾರ್ಕ್ ರೆಂಚಿನಿಂದ ಕೂರಿಸಬೇಕು. 8 ಮಿಲಿಮೀಟರ್ ಬೋಲ್ಟಿನ ಸೆನ್ಸರುಗಳಿಗೆ ಸಾಮಾನ್ಯವಾಗಿ 20 ನ್ಯೂಟನ್ ಮೀಟರಿನಷ್ಟು ಬಿಗಿತವನ್ನು ಹೇಳುತ್ತಾರಾದರೂ, ಆಯಾ ಬಂಡಿಯ ಕೈಪಿಡಿಯಲ್ಲಿರುವುದೇ ಪ್ರಮಾಣ. ಬಿಗಿತವು ಹೆಚ್ಚಾದರೂ ಕಡಮೆಯಾದರೂ ಸೆನ್ಸರು ಕೇಳುವ ರೀತಿಯೇ ಕೆಡುತ್ತದೆ. ಇಷ್ಟಾದರೂ ತೊಡಕು ಉಳಿದರೆ ಮಾತ್ರ, ಬಲ್ಲವರು ಕಂಪ್ಯೂಟರಿನಲ್ಲಿ ಕೇಳುವ ಕಂಪನಸಂಖ್ಯೆಯನ್ನೂ ಕಾಲವನ್ನೂ ಮಿತಿಯನ್ನೂ ಹೊಸ ಎಂಜಿನ್ನಿಗೆ ಸರಿಯಾಗಿ ತಿದ್ದಬೇಕು. ತಿದ್ದಿದ ಮೇಲೆ ನಿಜವಾದ ಬಡಿತವು ಇನ್ನೂ ಕೇಳಿಸುವುದೇ ಎಂಬುದನ್ನು ದೃಢಪಡಿಸಿಕೊಳ್ಳಬೇಕು.

ಪೋಷಕರು ಕಾನೂನನ್ನೂ ಅರಿತಿರಬೇಕು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು ತಯಾರಕರು ಮೊದಲು ಗೊತ್ತುಮಾಡಿದ ವಿವರಗಳು ವ್ಯತ್ಯಾಸವಾಗುವಂತೆ ಬಂಡಿಯನ್ನು ಬದಲಾಯಿಸುವುದನ್ನು ತಡೆಯುತ್ತದೆ. ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ ಇದನ್ನು ಎತ್ತಿಹಿಡಿಯಿತು. ಆದುದರಿಂದ ಹಣ ಖರ್ಚಾಗುವ ಮೊದಲೇ ಮಕ್ಕಳೊಡನೆ ಕುಳಿತು, ಏನನ್ನು ಬದಲಾಯಿಸಬೇಕೆಂದಿದ್ದಾರೆ, ಅದಕ್ಕೆ ಅನುಮತಿಯುಂಟೇ ಎಂಬುದನ್ನು ಶಾಂತವಾಗಿ ವಿಚಾರಿಸುವುದು ಮೇಲು.

ಸುಳ್ಳು ಸಾಕ್ಷಿಯನ್ನು ಹೇಳಬಾರದೆಂದು ನಾವು ಎಳೆಯ ವಯಸ್ಸಿನಲ್ಲಿಯೇ ಕಲಿಯುತ್ತೇವೆ. ಸಾಕ್ಷಿಯು ತಪ್ಪಿದಾಗ ಅವನ ಬಾಯಿ ಕಟ್ಟುವುದು ನ್ಯಾಯವಲ್ಲ. ಅವನು ಕೇಳಿದ್ದೇನು, ತಪ್ಪಾಗಿ ತಿಳಿದದ್ದೇಕೆ ಎಂದು ವಿಚಾರಿಸುವುದೇ ನ್ಯಾಯ. ಎಂಜಿನ್ನಿನ ಈ ಪುಟ್ಟ ಕಾವಲುಗಾರನಿಗೂ ಅಷ್ಟು ತಾಳ್ಮೆಯನ್ನು ತೋರಿಸಿದರೆ, ಘಾಟಿಯ ಏರಿನಲ್ಲಿ ನಮ್ಮ ಮಕ್ಕಳು ಸುರಕ್ಷಿತವಾಗಿ ಬಂದು ಮನೆ ಸೇರುವರು.