ಜ್ವರ ಬಿಟ್ಟ ಮೂರು ವಾರಕ್ಕೆ ಕಣ್ಣು ಮಂಜಾದರೆ?

ಬಂದ್ಯೋಡು: ಮಳೆಗಾಲ ಅಂದ್ರೆ ನಮ್ಮ ಬಂದ್ಯೋಡು, ಉಪ್ಪಳ, ಕುಂಬಳೆ ಭಾಗದಲ್ಲಿ ಜ್ವರದ ಕಾಲ. ಡೆಂಗಿ, ಚಿಕುನ್‌ಗುನ್ಯ, ಇಲಿಜ್ವರ ಎಂಬ ಹೆಸರುಗಳು ಸಣ್ಣ ಮಕ್ಕಳಿಗೂ ಗೊತ್ತು. ಜ್ವರ ಇಳಿಯಿತು, ಪ್ಲೇಟ್‌ಲೆಟ್ ಏರಿತು, ಗಂಜಿ ಬಿಟ್ಟು ಊಟ ಶುರುವಾಯಿತು ಅಂದ್ರೆ ಕಾಯಿಲೆ ಮುಗಿಯಿತು ಎಂದೇ ನಮ್ಮ ಲೆಕ್ಕ. ಆದರೆ ಕೆಲವರಿಗೆ ಜ್ವರ ಬಿಟ್ಟು ಎರಡರಿಂದ ನಾಲ್ಕು ವಾರ ಕಳೆದ ಮೇಲೆ ಒಂದು ಕಣ್ಣಿನ ಅಥವಾ ಎರಡೂ ಕಣ್ಣಿನ ದೃಷ್ಟಿ ಏಕಾಏಕಿ ಮಂಜಾಗ್ತದೆ. ನೋಡುವ ವಸ್ತುವಿನ ನಡುವೆಯೇ ಕಪ್ಪು ಕಲೆ ಕಾಣ್ತದೆ. ಕಣ್ಣು ಕೆಂಪಾಗಿರುವುದಿಲ್ಲ, ನೋವೂ ಇರುವುದಿಲ್ಲ. ಹಾಗಾಗಿ 'ಜ್ವರದ ಸುಸ್ತು', 'ಮೊಬೈಲ್ ನೋಡಿ ನೋಡಿ' ಎಂದು ಹದಿನೈದು ದಿನ ಕಳೆದುಹೋಗ್ತದೆ.

ಇದಕ್ಕೆ ವೈದ್ಯರು ಇಟ್ಟ ಹೆಸರು ಜ್ವರೋತ್ತರ ರೆಟಿನೈಟಿಸ್. ಇದರ ಬಗ್ಗೆ ಸಾಕಷ್ಟು ಕೆಲಸ ನಡೆದಿರುವುದು ಕರ್ನಾಟಕದಲ್ಲೇ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

ಮೊದಲು ರೆಟಿನಾ ಅಂದರೆ ಏನು ಅಂತ ನೋಡೋಣ. ಕಣ್ಣಿನ ಒಳಗೆ, ಹಿಂದಿನ ಗೋಡೆಗೆ ಅಂಟಿಕೊಂಡಿರುವ ತೆಳು ಪದರ ಅದು. ಕನ್ನಡದಲ್ಲಿ ಅಕ್ಷಿಪಟಲ. ಬೆಳಕನ್ನು ಹಿಡಿದು ಮೆದುಳಿಗೆ ಸುದ್ದಿ ಕಳಿಸುವುದು ಅದರ ಕೆಲಸ. ಅದರ ನಡುವಿನ ಸಣ್ಣ ಜಾಗಕ್ಕೆ ಮ್ಯಾಕುಲಾ ಎನ್ನುತ್ತಾರೆ; ಓದುವುದು, ಮುಖ ಗುರುತಿಸುವುದು, ಸೂಜಿಗೆ ದಾರ ಪೋಣಿಸುವುದು ಎಲ್ಲ ಆ ಜಾಗದಿಂದಲೇ. ರೆಟಿನಾದಲ್ಲಿ ನೋವು ತಿಳಿಸುವ ನರಗಳಿಲ್ಲ. ಅಲ್ಲಿ ಬೆಂಕಿ ಬಿದ್ದರೂ ಮನೆಯವರಿಗೆ ಹೊಗೆ ಕಾಣುವುದಿಲ್ಲ, ದೀಪ ಆರುವುದು ಮಾತ್ರ ಗೊತ್ತಾಗ್ತದೆ.

ಈ ಪದರಕ್ಕೆ ತೊಂದರೆ ಎರಡು ದಾರಿಯಲ್ಲಿ ಬರಬಹುದು. ರೋಗಾಣು ನೇರವಾಗಿ ಒಳಗೆ ಸೇರಿ ಹಾಳು ಮಾಡುವುದು ಒಂದು. ರೋಗಾಣು ಹೋದ ಮೇಲೂ ನಮ್ಮ ರೋಗನಿರೋಧಕ ಶಕ್ತಿ ಸುಮ್ಮನಾಗದೆ ಸ್ವಂತ ಅಂಗದ ಮೇಲೆಯೇ ತಿರುಗಿ ಬೀಳುವುದು ಇನ್ನೊಂದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ, ರೆಟಿನಾದಲ್ಲಿ ಬಿಳಿ ಮಚ್ಚೆ, ಊತ. ಆದರೆ ಮದ್ದು ತದ್ವಿರುದ್ಧ. ಮೊದಲನೆಯದಕ್ಕೆ ರೋಗಾಣು ಕೊಲ್ಲುವ ಮದ್ದು ಬೇಕು, ಎರಡನೆಯದಕ್ಕೆ ನಿರೋಧಕ ಶಕ್ತಿಯನ್ನು ತಗ್ಗಿಸುವ ಸ್ಟೀರಾಯ್ಡ್ ಬೇಕು. ರೋಗಾಣು ಜೀವಂತ ಇರುವಾಗ ಬರೀ ಸ್ಟೀರಾಯ್ಡ್ ಕೊಟ್ಟರೆ ಅದು ರೋಗಾಣುವಿಗೇ ಸಹಾಯ. ಈ ವಿಭಾಗದ ಸಂಶೋಧನೆಯ ಅರ್ಧ ಭಾಗ ಇದೇ ಪ್ರಶ್ನೆಯ ಸುತ್ತ ಉಂಟು: ಈ ಕಣ್ಣಲ್ಲಿ ನಡೆಯುತ್ತಿರುವುದು ಸೋಂಕೋ, ಬರೀ ಉರಿಯೂತವೋ? ಬೇರೆ ಅಂಗವಾದರೆ ಒಂದು ತುಂಡು ತೆಗೆದು ಪರೀಕ್ಷೆಗೆ ಕಳಿಸಬಹುದು. ರೆಟಿನಾದಿಂದ ಹಾಗೆ ತೆಗೆಯುವುದು ಸುಲಭವಲ್ಲ. ಬೇಕೇಬೇಕಾದಾಗ ಕಣ್ಣೊಳಗಿನ ದ್ರವದ ಒಂದೆರಡು ಹನಿ ತೆಗೆದು ಪಿಸಿಆರ್ ಮಾಡುತ್ತಾರೆ. ಕೊರೊನಾ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿ ಮಾಡಿದರಲ್ಲ, ಅದೇ ತಂತ್ರ.

ಚಿಕುನ್‌ಗುನ್ಯ 2006ರಲ್ಲಿ ಕರ್ನಾಟಕ, ಕೇರಳದಲ್ಲಿ ಮನೆಮನೆಗೆ ಹಬ್ಬಿದ್ದು ಹಿರಿಯರಿಗೆ ನೆನಪಿರಬಹುದು. ಆಗ ಎಲ್ಲರ ಮಾತು ಗಂಟುನೋವಿನದ್ದೇ. ಆ ಹೊತ್ತಿನಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಡಾ. ಪದ್ಮಮಾಲಿನಿ ಮಹೇಂದ್ರದಾಸ್ ಮತ್ತು ಜೊತೆಯವರು ಚಿಕುನ್‌ಗುನ್ಯ ಬಂದುಹೋದವರ ಕಣ್ಣನ್ನು ನೋಡಿದರು. 2008ರಲ್ಲಿ 'ಆಫ್ತಾಲ್ಮಾಲಜಿ' ಪತ್ರಿಕೆಯಲ್ಲಿ ಬಂದ ಅವರ ವರದಿಯಲ್ಲಿದ್ದದ್ದು ಕೇವಲ 9 ರೋಗಿಗಳು. ಕೆಲವರಿಗೆ ಕಣ್ಣಿನ ಮುಂಭಾಗದ ಉರಿಯೂತ, ಕೆಲವರಿಗೆ ರೆಟಿನಾದ ಉರಿಯೂತ. ಹೆಚ್ಚಿನವರಲ್ಲಿ ಚಿಕಿತ್ಸೆಗೆ ಒಳ್ಳೆಯ ಫಲ ಸಿಕ್ಕಿತು. ಸಂಖ್ಯೆ ಸಣ್ಣದು, ಆದರೆ ಗಂಟುನೋವಿನ ಜ್ವರ ಕಣ್ಣಿಗೂ ಇಳಿಯುತ್ತದೆ ಎಂದು ಗೊತ್ತಾದದ್ದು ಇಂಥ ವರದಿಗಳಿಂದ. ಅದೇ ಆಸ್ಪತ್ರೆಯ ಡಾ. ಅಂಕುಶ್ ಕಾವಲಿ ಮತ್ತು ತಂಡ 2015ರಲ್ಲಿ ರಿಕೆಟ್ಸಿಯಾ ಜ್ವರದ ನಂತರ ಬರುವ ರೆಟಿನೈಟಿಸ್ ಬಗ್ಗೆ ಬರೆಯಿತು.

ಈ ರಿಕೆಟ್ಸಿಯಾ ಎಂಬ ಹೆಸರು ನಮಗೆ ಹೊಸತು, ಕಾಯಿಲೆ ಹೊಸತಲ್ಲ. ಉಣ್ಣೆ, ಚಿಗಟದಂಥ ಸಣ್ಣ ಹುಳಗಳಿಂದ ಹರಡುವ ಜ್ವರಗಳ ಗುಂಪು ಅದು. ಸ್ಕ್ರಬ್ ಟೈಫಸ್ ಕೂಡ ಇದರ ಹತ್ತಿರದ ಸಂಬಂಧಿ. ಗುಡ್ಡೆ, ತೋಟ, ಪೊದೆಗಳಲ್ಲಿ ಓಡಾಡುವವರಿಗೆ ಬರ್ತದೆ. ಡೆಂಗಿ ಪರೀಕ್ಷೆ ನೆಗೆಟಿವ್ ಬಂದರೆ 'ವೈರಲ್ ಫೀವರ್' ಎಂದು ಚೀಟಿ ಬರೆದು ಮುಗಿಸುವ ಜ್ವರಗಳಲ್ಲಿ ಇದೂ ಇರಬಹುದು. ಇದಕ್ಕೆ ಡಾಕ್ಸಿಸೈಕ್ಲಿನ್ ಎಂಬ ಹಳೆಯ, ಅಗ್ಗದ ಮಾತ್ರೆ ಚೆನ್ನಾಗಿ ಕೆಲಸ ಮಾಡ್ತದೆ. ಕೇರಳದ ಆರೋಗ್ಯ ಇಲಾಖೆ ಮಳೆಗಾಲದಲ್ಲಿ ಕೆಸರು ನೀರಿನಲ್ಲಿ ಕೆಲಸ ಮಾಡುವವರಿಗೆ ಎಲಿಪ್ಪನಿ ಬಾರದಂತೆ ವಾರಕ್ಕೊಮ್ಮೆ ಕೊಡುವ ಮಾತ್ರೆಯೂ ಇದೇ. ಹಾಗಂತ ಮನೆಯಲ್ಲಿ ಉಳಿದದ್ದನ್ನು ಕಣ್ಣಿಗೆಂದು ನುಂಗಬಾರದು. ಡೋಸ್ ಬೇರೆ, ಗರ್ಭಿಣಿಯರಿಗೆ ಅದು ಆಗುವುದಿಲ್ಲ. ಜ್ವರೋತ್ತರ ರೆಟಿನೈಟಿಸ್‌ಗೆ ಸ್ಟೀರಾಯ್ಡ್ ಎಷ್ಟು ಬೇಕು, ಯಾವಾಗ ಬೇಕು ಎಂಬ ವಿಷಯದಲ್ಲಿ ತಜ್ಞರಲ್ಲೇ ಇನ್ನೂ ಒಮ್ಮತವಿಲ್ಲ. ತಜ್ಞರೇ ಯೋಚಿಸಿ ಬರೆಯುವ ಮದ್ದನ್ನು ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಧೈರ್ಯ ನಮಗೆ ಯಾಕೆ?

ಎಲಿಪ್ಪನಿಯ ಮಾತು ಬಂತು. 1993ರ ಕೊನೆಗೆ ಮದುರೈ ಭಾಗದಲ್ಲಿ ದೊಡ್ಡ ನೆರೆ ಬಂದಿತ್ತು. ನಂತರ ಅಲ್ಲಿನ ಅರವಿಂದ್ ಕಣ್ಣಿನ ಆಸ್ಪತ್ರೆಗೆ ಕಣ್ಣಿನ ಉರಿಯೂತದವರು ಸಾಲುಗಟ್ಟಿ ಬರತೊಡಗಿದರು. ಡಾ. ಎಸ್. ಆರ್. ರತಿನಂ ಮತ್ತು ಜೊತೆಯವರು ಬೆನ್ನು ಹತ್ತಿ ಹುಡುಕಿದಾಗ ಸಿಕ್ಕಿದ್ದು ಇಲಿಜ್ವರದ ರೋಗಾಣು. 73 ರೋಗಿಗಳ ಆ ವರದಿ 1997ರಲ್ಲಿ ಪ್ರಕಟವಾಯಿತು. ಕೊಯಮತ್ತೂರಿನಲ್ಲಿ 2004–05ರ ಹೊತ್ತಿಗೆ 248 ಮಂದಿಗೆ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಜೀವಿಯಿಂದ ರೆಟಿನಾಕ್ಕೆ ಪೆಟ್ಟು ಬಿತ್ತು. ಸಂಶಯ ಹೋದದ್ದು ಕುಡಿಯುವ ನೀರಿನ ಮೇಲೆ. ಬೆಕ್ಕಿನ ಮಲ ಸೇರಿದ ಮಣ್ಣು, ನೀರು ಮತ್ತು ಅರೆಬೆಂದ ಮಾಂಸದಿಂದ ಇದು ಹರಡ್ತದೆ. ಇತ್ತೀಚೆಗೆ ಗ್ರಿಲ್ ಅಂಗಡಿಗಳಲ್ಲಿ ಒಳಗೆ ಕೆಂಪಗಿರುವ ಮಾಂಸವನ್ನೇ ರುಚಿ ಎನ್ನುವ ಹುಡುಗರು ಇದನ್ನು ಗಮನಿಸಲಿ.

ಸೋಂಕು ಇಲ್ಲದ, ಬರೀ ಉರಿಯೂತದ ಕಾಯಿಲೆ ವರ್ಷಗಟ್ಟಲೆ ಎಳೆಯುವುದೂ ಉಂಟು. ಅಂಥವರಿಗೆ ಸ್ಟೀರಾಯ್ಡ್ ಬಹಳ ಕಾಲ ಕೊಟ್ಟರೆ ಶುಗರ್ ಏರ್ತದೆ, ಮೂಳೆ ಸವೆಯುತ್ತದೆ, ಕಣ್ಣಲ್ಲೇ ಪೊರೆ ಬರ್ತದೆ. ಬದಲಿಗೆ ಯಾವ ಮದ್ದು ಎಂದು ನೋಡಲು ಭಾರತ, ಅಮೆರಿಕ, ಸೌದಿ ಅರೇಬಿಯಾ ಸೇರಿ ಐದು ದೇಶಗಳ 216 ಮಂದಿಯ ಮೇಲೆ 'ಫಾಸ್ಟ್' ಎಂಬ ಪ್ರಯೋಗ ನಡೆಯಿತು. ಅದರ ಫಲಿತಾಂಶ 2019ರಲ್ಲಿ ಬಂತು, ಮೊದಲ ಲೇಖಕಿ ಅದೇ ರತಿನಂ. ಅಗ್ಗದ ಮೆಥೋಟ್ರೆಕ್ಸೇಟ್‌ಗಿಂತ ದುಬಾರಿ ಮೈಕೋಫಿನೋಲೇಟ್ ಮೇಲು ಎಂದು ಕಾಣಲಿಲ್ಲ. ತಿಂಗಳ ಮದ್ದಿನ ಖರ್ಚಿಗೆ ಪರದಾಡುವ ಮನೆಗಳಿಗೆ ಇದು ಸಣ್ಣ ಸಂಗತಿಯಲ್ಲ. ಮೆಥೋಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ ತೆಗೆದುಕೊಳ್ಳುವ ಮದ್ದು, ದಿನಾ ತಿಂದರೆ ಅಪಾಯ. ಗರ್ಭಿಣಿಯಾಗುವ ಯೋಚನೆ ಇರುವವರು ಮೊದಲೇ ಡಾಕ್ಟರಿಗೆ ಹೇಳಬೇಕು.

ಇನ್ನು ನಮ್ಮ ಊರಿನ ತೊಡಕು. ಇಲ್ಲಿ ಜ್ವರಕ್ಕೆ ಮಂಗಲ್ಪಾಡಿಯ ಸರಕಾರಿ ಆಸ್ಪತ್ರೆಗೋ ಹತ್ತಿರದ ಕ್ಲಿನಿಕ್ಕಿಗೋ ಹೋಗ್ತೇವೆ, ಕಣ್ಣಿಗೆ ಗಡಿ ದಾಟಿ ಮಂಗಳೂರಿಗೆ. ಜ್ವರ ನೋಡಿದ ಡಾಕ್ಟರಿಗೆ ಕಣ್ಣಿನ ಸುದ್ದಿ ಗೊತ್ತಿಲ್ಲ, ಕಣ್ಣಿನ ಡಾಕ್ಟರಿಗೆ ಜ್ವರದ ಸುದ್ದಿ ನಾವು ಹೇಳುವುದಿಲ್ಲ. ಮೂರು ವಾರದ ಹಿಂದಿನ ಜ್ವರಕ್ಕೂ ಇವತ್ತಿನ ಮಂಜಿಗೂ ಸಂಬಂಧ ಇರಬಹುದು ಎಂದು ನಮಗೇ ಹೊಳೆಯುವುದಿಲ್ಲವಲ್ಲ. ರಜೆಯಲ್ಲಿ ಊರಿಗೆ ಬಂದು ಜ್ವರ ಹಿಡಿಸಿಕೊಂಡು, ಚೇತರಿಸಿ, ವಿಮಾನ ಹತ್ತಿ ದುಬೈಗೋ ದಮಾಮಿಗೋ ಹೋದವರಿಗೆ ಈ ತೊಂದರೆ ಅಲ್ಲಿ ಕಾಣಿಸಿಕೊಳ್ಳಬಹುದು. ಅಲ್ಲಿನ ಡಾಕ್ಟರಿಗೆ 'ಊರಲ್ಲಿ ಜ್ವರ ಬಂದಿತ್ತು' ಎಂಬ ಒಂದು ಮಾತು ಬಹಳ ದೊಡ್ಡ ಸುಳಿವು.

ಅದಕ್ಕೆ ಡಿಸ್ಚಾರ್ಜ್ ಚೀಟಿ, ರಕ್ತಪರೀಕ್ಷೆಯ ರಿಪೋರ್ಟ್ ಬಿಸಾಡಬೇಡಿ, ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಜ್ವರ ಬಂದುಹೋದವರು ಒಂದು ತಿಂಗಳು, ಎರಡು ಮೂರು ದಿನಕ್ಕೊಮ್ಮೆ, ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ಗೋಡೆಯ ಕ್ಯಾಲೆಂಡರ್ ನೋಡಲಿ. ಆಮೇಲೆ ಇನ್ನೊಂದು ಕಣ್ಣು. ಎರಡೂ ತೆರೆದು ನೋಡಿದರೆ ಒಳ್ಳೆಯ ಕಣ್ಣು ಕೆಟ್ಟದ್ದರ ತಪ್ಪನ್ನು ಮುಚ್ಚಿಬಿಡ್ತದೆ. ಮನೆಯ ಉಮ್ಮ, ಉಪ್ಪ ತಾವಾಗಿ ಹೇಳುವುದಿಲ್ಲ, ನೀವೇ ಕೇಳಿ ನೋಡಬೇಕು. ಅಂಕಿ ಅಳಿಸಿಹೋದಂತೆ, ಕಿಟಕಿಯ ಸರಳು ಬಾಗಿದಂತೆ, ನಡುವೆ ಕಲೆ ಕುಳಿತಂತೆ ಕಂಡರೆ ಒಂದೆರಡು ದಿನದೊಳಗೆ ರೆಟಿನಾ ನೋಡುವ ಡಾಕ್ಟರ ಹತ್ತಿರ ಹೋಗಿ. ಕನ್ನಡಕದ ಅಂಗಡಿಯ ಪರೀಕ್ಷೆ ಇದಕ್ಕೆ ಸಾಲದು. ಕಣ್ಣಿನ ಪಾಪೆ ಹಿಗ್ಗಿಸುವ ಡ್ರಾಪ್ಸ್ ಹಾಕಿ ಒಳಗೆ ನೋಡುತ್ತಾರೆ, ಓಸಿಟಿ ಸ್ಕ್ಯಾನ್ ಮಾಡುತ್ತಾರೆ. ಸ್ಕ್ಯಾನಿಗೆ ಸೂಜಿ ಇಲ್ಲ, ನೋವಿಲ್ಲ. ಡ್ರಾಪ್ಸ್ ಹಾಕಿದ ಮೇಲೆ ನಾಲ್ಕೈದು ಗಂಟೆ ಹತ್ತಿರದ್ದು ಓದಲಾಗುವುದಿಲ್ಲ, ಬೈಕ್ ಓಡಿಸಬಾರದು. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ಶುಗರ್ ಇದ್ದರೆ, ಹಿಂದೆ ಟಿಬಿ ಆಗಿದ್ದರೆ ಅದನ್ನೂ ಡಾಕ್ಟರಿಗೆ ಮೊದಲೇ ಹೇಳಿ, ಯಾಕೆಂದರೆ ಸ್ಟೀರಾಯ್ಡ್ ಬರೆಯುವ ಮುಂಚೆ ಅವರು ಕೇಳುವ ಪ್ರಶ್ನೆ ಅದೇ.