ಬ್ರೇಕು ತೆಗೆದ ವಿಜ್ಞಾನಿ

ಕಾಲಿಗೆ ಮುಳ್ಳು ಹೊಕ್ಕರೆ ಎರಡು ದಿನದಲ್ಲಿ ಸುತ್ತಲೂ ಕೆಂಪಗೆ ಊದಿ ಕೀವು ಕಟ್ಟುತ್ತದೆ. ರಕ್ತದ ಬಿಳಿಕಣಗಳು ಶತ್ರುವಿನ ಮೇಲೆ ಬಿದ್ದ ಗುರುತು ಅದು. ಒಂದು ಮುಳ್ಳಿಗೆ ಹೀಗೆ ಸಿಡಿದೇಳುವ ಶರೀರ, ತನ್ನೊಳಗೇ ನಿಂಬೆಹಣ್ಣಿನ ಗಾತ್ರಕ್ಕೆ ಬೆಳೆಯುವ ಕ್ಯಾನ್ಸರ್ ಗೆಡ್ಡೆಯ ಮುಂದೆ ಏಕೆ ಸುಮ್ಮನಿರುತ್ತದೆ? ಈ ಪ್ರಶ್ನೆಗೆ ಉತ್ತರದ ಒಂದು ಭಾಗವನ್ನು ಹುಡುಕಿಕೊಟ್ಟವರು ಅಮೆರಿಕದ ಜೇಮ್ಸ್ ಆಲಿಸನ್. 2018ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯನ್ನು ಅವರು ಜಪಾನಿನ ತಸುಕು ಹೊಂಜೊ ಅವರೊಡನೆ ಹಂಚಿಕೊಂಡರು.

ಆಲಿಸನ್ ಹುಟ್ಟಿದ್ದು 1948ರಲ್ಲಿ, ಟೆಕ್ಸಾಸ್ ರಾಜ್ಯದ ಆಲಿಸ್ ಎಂಬ ಸಣ್ಣ ಊರಿನಲ್ಲಿ. ತಂದೆ ವೈದ್ಯರು. ಹುಡುಗನಿಗೆ ಹನ್ನೊಂದು ವರ್ಷವಾಗಿದ್ದಾಗ ತಾಯಿ ದುಗ್ಧಗ್ರಂಥಿಯ ಕ್ಯಾನ್ಸರಿನಿಂದ ತೀರಿಕೊಂಡರು. ಮುಂದೆ ಅಣ್ಣನನ್ನೂ 2005ರಲ್ಲಿ ಅದೇ ರೋಗ ಬೇರೆ ರೂಪದಲ್ಲಿ ಕೊಂಡೊಯ್ಯಿತು. ಹೈಸ್ಕೂಲಿನಲ್ಲಿ ಡಾರ್ವಿನ್ನನ ವಿಕಾಸವಾದವನ್ನು ಬಿಟ್ಟು ಜೀವಶಾಸ್ತ್ರ ಪಾಠ ಮಾಡುತ್ತಾರೆಂದು ತಿಳಿದಾಗ, ಆ ತರಗತಿಗೆ ತಾನು ಕೂರುವುದಿಲ್ಲವೆಂದು ಹಟಹಿಡಿದು ಅಂಚೆ ಮೂಲಕ ಆ ವಿಷಯ ಓದಿದ. ಇಂಥ ವಿದ್ಯಾರ್ಥಿ ಎದುರಿಗಿದ್ದರೆ ಮೇಷ್ಟರ ಪಾಡು ಕಷ್ಟವೇ, ಬಿಡಿ!

ಆಲಿಸನ್ ಬೆನ್ನುಹತ್ತಿದ್ದು 'ಟಿ' ಕಣಗಳೆಂಬ ಬಿಳಿಕಣಗಳನ್ನು. ಇವುಗಳ ಕೆಲಸ ಬಸ್ಸಿನಂತೆ. ಶತ್ರುವನ್ನು ಗುರುತಿಸುವುದು ಕೀಲಿ ತಿರುಗಿಸಿದಂತೆ. ಅಷ್ಟರಿಂದಲೇ ಬಸ್ಸು ಹೊರಡದು, ಆಕ್ಸಿಲರೇಟರ್ ತುಳಿಯಬೇಕು. ಅದಕ್ಕೂ ಕಣದ ಮೇಲೊಂದು ಪ್ರೋಟೀನು ಇದೆ. ಹತ್ತಿರದಲ್ಲೇ ಸಿಟಿಎಲ್ಎ-4 ಎಂಬ ಇನ್ನೊಂದು ಪ್ರೋಟೀನು ಕಂಡಿತ್ತು. ಅದೂ ಆಕ್ಸಿಲರೇಟರೇ ಎಂದು ಕೆಲವರು ವಾದಿಸಿದರು. ಅಲ್ಲ, ಅದು ಬ್ರೇಕು ಎಂದು 1990ರ ದಶಕದ ಮಧ್ಯದಲ್ಲಿ ಆಲಿಸನ್ ಅವರ ಬರ್ಕ್ಲಿ ಪ್ರಯೋಗಾಲಯವೂ, ಜೆಫ್ರಿ ಬ್ಲೂಸ್ಟೋನ್ ಅವರ ತಂಡವೂ ತೋರಿಸಿದವು.

ಹಾಗಾದರೆ ಬ್ರೇಕನ್ನೇ ಹಿಡಿಯದಂತೆ ಮಾಡಿದರೆ? ಗೆಡ್ಡೆಯಿದ್ದ ಇಲಿಗಳಿಗೆ ಸಿಟಿಎಲ್ಎ-4ಕ್ಕೆ ಅಂಟಿಕೊಂಡು ಅದನ್ನು ಮುಚ್ಚುವ ಪ್ರತಿಕಾಯವನ್ನು ಚುಚ್ಚಿದರು. ಗೆಡ್ಡೆಗಳು ಕರಗಿದವು. ನಂಬಿಕೆ ಬರಲಿಲ್ಲ. 1994ರ ಕ್ರಿಸ್‌ಮಸ್ ರಜೆಯಲ್ಲಿ ಪ್ರಯೋಗವನ್ನು ಮತ್ತೆ ಹೂಡಿ, ಯಾವ ಇಲಿಗೆ ಯಾವ ಮದ್ದೆಂಬುದು ತನಗೆ ಗೊತ್ತಿಲ್ಲದಂತೆ ಮಾಡಿಕೊಂಡು ಆಲಿಸನ್ ತಾವೇ ಅಳೆಯುತ್ತ ಕೂತರು. ಮೊದಮೊದಲು ಎಲ್ಲ ಗೆಡ್ಡೆಗಳೂ ಬೆಳೆದವು. ಆಮೇಲೆ ಒಂದು ಗುಂಪಿನವು ನಿಂತು, ಕುಗ್ಗತೊಡಗಿದವು.

ಇಲಿಯಿಂದ ಮನುಷ್ಯನವರೆಗಿನ ದಾರಿ ಮಾತ್ರ ದೀರ್ಘ. ಔಷಧ ಕಂಪನಿಗಳು ಹಿಂಜರಿದವು. ಇಪಿಲಿಮುಮ್ಯಾಬ್ ಎಂಬ ಆ ಮದ್ದಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2011ರಲ್ಲಿ, ಚರ್ಮದ ಮೆಲನೋಮ ಕ್ಯಾನ್ಸರಿಗೆ. ಹೊಂಜೊ ತಂಡ 1992ರಲ್ಲಿ ಕಂಡುಕೊಂಡ ಪಿಡಿ-1 ಎಂಬ ಇನ್ನೊಂದು ಬ್ರೇಕಿನಿಂದ ನಿವೊಲುಮ್ಯಾಬ್‌ನಂಥ ಮದ್ದುಗಳು ಬಂದವು. ಬ್ರೇಕು ತೆಗೆದ ಬಸ್ಸಿನ ಅಪಾಯವೂ ಇಲ್ಲಿದೆ: ಬಿಳಿಕಣಗಳು ಕರುಳು, ಶ್ವಾಸಕೋಶ, ಥೈರಾಯಿಡ್‌ಗಳ ಮೇಲೂ ಬೀಳಬಹುದು. ಮದ್ದು ಎಲ್ಲ ರೋಗಿಗಳಲ್ಲಿ ಫಲಿಸುವುದೂ ಇಲ್ಲ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯವರಿಗೆ ಇದು ದೂರದ ದೇಶದ ಸುದ್ದಿಯಲ್ಲ. ಎಲೆ ಅಡಿಕೆ, ಹೊಗೆಸೊಪ್ಪು, ಕಡ್ಡಿಪುಡಿ ನಮ್ಮಲ್ಲಿ ಹೊಸದೇ? ಭಾರತದ ಗಂಡಸರಲ್ಲಿ ಬಾಯಿಯ ಕ್ಯಾನ್ಸರ್ ಮೊದಲ ಸಾಲಿನಲ್ಲಿದೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ಹೆಸರು ತಿಳಿಯದ ಹಳ್ಳಿ ಈ ಕಡೆ ಇರಲಾರದು. ಆದರೆ ಈ ಮದ್ದುಗಳ ಪೂರ್ತಿ ಡೋಸಿನ ಬೆಲೆ ಲಕ್ಷಗಳಲ್ಲಿ. ರೇಷ್ಮೆಗೂಡು ಮಾರಿ ಬದುಕುವವನ ಕೈಗೆ ಎಟುಕುವಂಥದ್ದಲ್ಲ.

ಈ ಗಂಟನ್ನು ಸಡಿಲಿಸಲು ಯತ್ನಿಸಿದವರು ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು. ನಿವೊಲುಮ್ಯಾಬನ್ನು ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ ಕೊಡುತ್ತಾರೆ. ಇವರು ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ಕೊಟ್ಟು ನೋಡಿದರು. ಗುಣವಾಗುವ ಹಂತ ದಾಟಿದ್ದ ತಲೆ-ಕುತ್ತಿಗೆ ಕ್ಯಾನ್ಸರಿನ 151 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಅಗ್ಗದ ಮಾತ್ರೆಗಳು ಮಾತ್ರ, ಉಳಿದವರಿಗೆ ಅದೇ ಮಾತ್ರೆಗಳ ಜೊತೆಗೆ ಈ ಸಣ್ಣ ಡೋಸು. 2022ರಲ್ಲಿ ಪ್ರಕಟವಾದ ಫಲಿತಾಂಶ: ವರ್ಷ ಕಳೆದಾಗ ಬದುಕುಳಿದವರು ಮೊದಲ ಗುಂಪಿನಲ್ಲಿ ನೂರಕ್ಕೆ 16, ಎರಡನೆಯದರಲ್ಲಿ 43. ಪೂರ್ತಿ ಡೋಸಿಗೆ ಈ ಸಣ್ಣ ಡೋಸು ಸಮವೇ ಎಂಬುದನ್ನು ಆ ಪರೀಕ್ಷೆ ಹೋಲಿಸಿ ನೋಡಲಿಲ್ಲ. ಪೂರ್ತಿ ಡೋಸು ಕೊಳ್ಳಲಾಗದವರಿಗೆ ಏನು ಕೊಡಬಹುದು ಎಂಬುದಷ್ಟೇ ಅದರ ಪ್ರಶ್ನೆಯಾಗಿತ್ತು.