ಓರೆಯಾದ ಫಲಕ, ಮಸುಕಾದ ನಕ್ಷತ್ರ

ಆಕಾಶದ ಛಾಯಾಚಿತ್ರವೊಂದನ್ನು ಕೈಗೆತ್ತಿಕೊಂಡಾಗ ನಮ್ಮ ದೃಷ್ಟಿ ಸಹಜವಾಗಿಯೇ ಅದರ ನಡುವಿಗೆ ಹರಿಯುತ್ತದೆ. ಬಲ್ಲವರು ಮೊದಲು ನೋಡುವುದು ಅದರ ನಾಲ್ಕು ಮೂಲೆಗಳನ್ನು. ನಡುವಿನ ನಕ್ಷತ್ರಗಳು ಸೂಜಿಯ ಮೊನೆಯಂತಿದ್ದು, ಒಂದು ಮೂಲೆಯವು ಮಾತ್ರ ಉಬ್ಬಿ ಮಸುಕಾಗಿದ್ದರೆ, ಎಲ್ಲಿಯೋ ಏನೋ ಓರೆಯಾಗಿದೆಯೆಂದು ಅವರು ತಿಳಿಯುತ್ತಾರೆ.

ದೂರದರ್ಶಕದ ಮಸೂರವು ಒಂದೊಂದು ನಕ್ಷತ್ರದ ಕಿರಣಗಳನ್ನೂ ಒಂದೊಂದು ಬಿಂದುವಿನಲ್ಲಿ ಕೂಡಿಸುತ್ತದೆ. ಈ ಸಂಗಮಬಿಂದುಗಳೆಲ್ಲ ಸೇರಿ ಆಗುವುದೇ ಸಂಗಮತಲ. ಹಿಂದೆ ಅಲ್ಲಿ ಗಾಜಿನ ಫಲಕವನ್ನೋ ಫಿಲ್ಮನ್ನೋ ಇಡುತ್ತಿದ್ದರು. ಇಂದು ಅಲ್ಲಿರುವುದು ಸಂವೇದಕ, ಅಂದರೆ ಪಿಕ್ಸೆಲ್ ಎಂಬ ಲಕ್ಷಾಂತರ ಸೂಕ್ಷ್ಮ ಚೌಕಗಳುಳ್ಳ ಸಿಲಿಕಾನ್ ಬಿಲ್ಲೆ. ಈ ಬಿಲ್ಲೆಯು ಸಂಗಮತಲದೊಡನೆ ಪೂರ್ಣವಾಗಿ ಒಂದಾಗಿ ಕುಳಿತಿರಬೇಕು.

ಎಷ್ಟು ಓರೆಯಾದರೆ ಕೆಡುತ್ತದೆ? ಸಂವೇದಕದ ಅಗಲ 36 ಮಿಲಿಮೀಟರು, ಪಿಕ್ಸೆಲಿನ ಅಗಲ 0.004 ಮಿಲಿಮೀಟರು ಎಂದುಕೊಳ್ಳಿ. ಅದು ಒಂದು ಡಿಗ್ರಿಯ ಹತ್ತನೆಯ ಒಂದು ಭಾಗದಷ್ಟು ವಾಲಿದರೆ ಒಂದು ಅಂಚು 0.03 ಮಿಲಿಮೀಟರು ಮುಂದಕ್ಕೂ ಇನ್ನೊಂದು ಅಷ್ಟೇ ಹಿಂದಕ್ಕೂ ಹೋಗುತ್ತದೆ. ಸಂಗಮದೂರವು ಮಸೂರದ ವ್ಯಾಸದ ನಾಲ್ಕರಷ್ಟಿದ್ದರೆ, ಬಿಂದುವಾಗಬೇಕಾದ ಬೆಳಕು ಆ ಅಂಚುಗಳಲ್ಲಿ ಸುಮಾರು 0.008 ಮಿಲಿಮೀಟರು ಅಗಲದ ಚುಕ್ಕೆಯಾಗಿ, ಎರಡು ಪಿಕ್ಸೆಲುಗಳ ಉದ್ದಕ್ಕೂ ಹರಡುತ್ತದೆ. ಪ್ರಖರವಾದ ನಕ್ಷತ್ರಕ್ಕೆ ಇದರಿಂದ ಅಂಥ ನಷ್ಟವಿಲ್ಲ. ಆದರೆ ಕ್ಷೀಣವಾದ ನಕ್ಷತ್ರದ ಬೆಳಕು ಹಲವು ಚೌಕಗಳಿಗೆ ಹಂಚಿಹೋಗಿ, ಆಕಾಶದ ಹಿನ್ನೆಲೆಯ ಮಂದಪ್ರಭೆಯಲ್ಲಿ ಮುಳುಗಿಯೇ ಹೋಗಬಹುದು.

ಮಸುಕಿಗೆಲ್ಲ ಓರೆಯೇ ಕಾರಣವಲ್ಲ. ನಾಲ್ಕೂ ಮೂಲೆಗಳು ಸಮನಾಗಿ ಮಸುಕಾಗಿದ್ದರೆ ಸಂಗಮತಲವೇ ಬಟ್ಟಲಿನಂತೆ ಬಾಗಿರಬಹುದು. ನಕ್ಷತ್ರಗಳೆಲ್ಲ ಒಂದೇ ದಿಕ್ಕಿಗೆ ಎಳೆದಂತಿದ್ದರೆ, ಭೂಮಿಯ ಆವರ್ತನವನ್ನು ಅನುಸರಿಸಿ ದೂರದರ್ಶಕವನ್ನು ತಿರುಗಿಸುವ ಯಂತ್ರವು ತಪ್ಪಿದೆ. ಒಂದೇ ಬದಿ ಕೆಟ್ಟಿದ್ದರೆ ಮಾತ್ರ ಓರೆಯನ್ನು ಶಂಕಿಸಬೇಕು. ಆಗಲೂ ದೋಷ ಕ್ಯಾಮೆರಾದ್ದೋ ದೂರದರ್ಶಕದ್ದೋ ಎಂಬ ಪ್ರಶ್ನೆ ಉಳಿಯುತ್ತದೆ. ಇದಕ್ಕೊಂದು ಸೊಗಸಾದ ಪರೀಕ್ಷೆಯಿದೆ. ದೂರದರ್ಶಕವನ್ನು ಕದಲಿಸದೆ ಕ್ಯಾಮೆರಾವನ್ನು ಮಾತ್ರ ಅರ್ಧ ಸುತ್ತು ತಿರುಗಿಸಿ ಇನ್ನೊಂದು ಚಿತ್ರ ತೆಗೆಯಬೇಕು. ಚಿತ್ರದ ಅದೇ ಮೂಲೆ ಮತ್ತೆ ಮಸುಕಾದರೆ ದೋಷವು ಕ್ಯಾಮೆರಾದೊಳಗಿದೆ. ಮಸುಕು ಎದುರು ಮೂಲೆಗೆ ಹೋದರೆ ದೂರದರ್ಶಕದ ಕಡೆಗಿದೆ.

ಕ್ಯಾಮೆರಾದ ಓರೆಯನ್ನು ತಿದ್ದಲು ಅದಕ್ಕೂ ದೂರದರ್ಶಕಕ್ಕೂ ನಡುವೆ ಮೂರು ಕಡೆ ತಿರುಪುಗಳಿರುವ ಉಂಗುರವೊಂದನ್ನು ಅಳವಡಿಸುತ್ತಾರೆ. ಮೂರೇ ಏಕೆ? ನಾಲ್ಕು ಕಾಲಿನ ಮಣೆ ಒರಟು ನೆಲದ ಮೇಲೆ ಅಲುಗಾಡುತ್ತದೆ, ಮುಕ್ಕಾಲಿ ಅಲುಗಾಡುವುದಿಲ್ಲ. ಒಂದೇ ರೇಖೆಯಲ್ಲಿಲ್ಲದ ಮೂರು ಬಿಂದುಗಳು ಒಂದು ತಲವನ್ನು ನಿರ್ಧರಿಸುತ್ತವೆಂದು ನೀವು ರೇಖಾಗಣಿತದಲ್ಲಿ ಓದುವುದು ಇದನ್ನೇ. ಒಂದು ಸುತ್ತಿಗೆ ಅರ್ಧ ಮಿಲಿಮೀಟರು ಚಲಿಸುವ ತಿರುಪನ್ನು ಸುತ್ತಿನ ಎಂಟನೆಯ ಒಂದು ಭಾಗ ತಿರುಗಿಸಿದರೂ ಉಂಗುರದ ಆ ಬದಿ 0.06 ಮಿಲಿಮೀಟರು ಸರಿಯುತ್ತದೆ. ಆದ್ದರಿಂದ ತುಸುವೇ ತಿರುಗಿಸಿ, ಚಿತ್ರದ ನಡುವನ್ನು ಮತ್ತೆ ಸ್ಫುಟಗೊಳಿಸಿ, ಚಿತ್ರ ತೆಗೆದು, ಮೂಲೆಗಳನ್ನು ಹೋಲಿಸಿ, ಪುನಃ ತಿರುಗಿಸಬೇಕು. ಅವಸರದವರಿಗೆ ಒಗ್ಗುವ ಕೆಲಸವಲ್ಲ ಇದು. ಹಾಗೆಂದು ಇಡೀ ರಾತ್ರಿಯನ್ನು ತಿರುಪುಗಳಿಗೇ ಮುಡಿಪಿಡುವುದೂ ಜಾಣತನವಲ್ಲ. ವಾಯುಮಂಡಲದ ಕಂಪನವೇ ಉಂಟುಮಾಡುವ ಮಸುಕಿಗಿಂತ ಓರೆಯ ಮಸುಕು ಕಡಿಮೆಯಾದರೆ ಅಲ್ಲಿಗೆ ನಿಲ್ಲಿಸಬಹುದು.

ಹವ್ಯಾಸಿಗಳ ಈ ತೊಡಕು ಮಹಾ ವೀಕ್ಷಣಾಲಯಗಳನ್ನೂ ಬಿಟ್ಟಿಲ್ಲ. ಚಿಲಿ ದೇಶದ ಸೆರೊ ಪಚೋನ್ ಬೆಟ್ಟದ ಮೇಲಿರುವ ವೆರಾ ರೂಬಿನ್ ವೀಕ್ಷಣಾಲಯದ ಮೊದಲ ಚಿತ್ರಗಳು 2025ರ ಜೂನ್ ತಿಂಗಳಲ್ಲಿ ಪ್ರಕಟವಾದವು. ಅದರ ಕ್ಯಾಮೆರಾದಲ್ಲಿ ಚಿತ್ರ ತೆಗೆಯುವ 189 ಸಂವೇದಕಗಳು ಸುಮಾರು 64 ಸೆಂಟಿಮೀಟರು ಅಗಲದ ತಲದಲ್ಲಿ ಹರಡಿವೆ. ದೂರದ ಗೆಲಾಕ್ಸಿಗಳ ಆಕಾರದಲ್ಲಿನ ಅತ್ಯಲ್ಪ ವಿಕಾರಗಳಿಂದ ಕಾಣದ ದ್ರವ್ಯದ ಹಂಚಿಕೆಯನ್ನು ಅರಿಯುವುದು ಅಲ್ಲಿಯ ಉದ್ದೇಶಗಳಲ್ಲೊಂದು. ಫಲಕದ ಓರೆಯೇ ಆಕಾರವನ್ನು ಕೆಡಿಸಿದರೆ, ಯಂತ್ರದ ದೋಷವನ್ನು ವಿಶ್ವದ ಗುಣವೆಂದು ಭ್ರಮಿಸುವ ಅಪಾಯವುಂಟು. ಆದ್ದರಿಂದ ಆ ಭಾರಿ ಕ್ಯಾಮೆರಾವನ್ನು, ಬೇಕಾದಂತೆ ಚಾಚಿ ಕುಗ್ಗುವ ಆರು ಕಾಲುಗಳ ಮೇಲೆ ಕೂರಿಸಿದ್ದಾರೆ. ತಲದ ನಾಲ್ಕು ಮೂಲೆಗಳಲ್ಲೂ ಒಂದೊಂದು ಜೋಡಿ ಸಂವೇದಕಗಳನ್ನು, ಒಂದನ್ನು ಸಂಗಮತಲದ ತುಸು ಮುಂದೆ, ಇನ್ನೊಂದನ್ನು ತುಸು ಹಿಂದೆ, ಬೇಕೆಂದೇ ಇಟ್ಟಿದ್ದಾರೆ. ಅಲ್ಲಿ ಮೂಡುವ ಮಸುಕು ನಕ್ಷತ್ರಗಳನ್ನು ಹೋಲಿಸಿ, ಯಾವ ಕಾಲು ಎಷ್ಟು ಚಾಚಬೇಕು, ಯಾವುದು ಎಷ್ಟು ಕುಗ್ಗಬೇಕು ಎಂಬುದನ್ನು ಗಣಕಯಂತ್ರವು ಲೆಕ್ಕಹಾಕುತ್ತದೆ.